ಎರಡನೆಯ ದಾರಿ

ವಿದ್ಯಾರ್ಥಿಗಳೇ, ನಿಮ್ಮ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಲೆಕ್ಕ ಮೊದಲಾದುವೆಲ್ಲ ಇಂದು ‘ಕ್ಲೌಡ್’ನಲ್ಲಿರುವುವೆಂದು ಕೇಳಿದ್ದೀರಿ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ದೂರದ ಕಟ್ಟಡಗಳಲ್ಲಿ ಹಗಲಿರುಳೂ ದುಡಿಯುವ ಗಣಕಯಂತ್ರಗಳ ಸಮೂಹ.

ಅಲ್ಲಿಗೆ ಹೋಗುವ ದಾರಿ ಸಾರ್ವಜನಿಕವಾದುದು. ಆದುದರಿಂದ ಎರಡು ತುದಿಯ ಯಂತ್ರಗಳು ಪರಸ್ಪರ ಗುರುತನ್ನು ಪರೀಕ್ಷಿಸಿಕೊಂಡು, ವಿಷಯವನ್ನು ಗೂಢಲಿಪಿಗೆ ತಿರುಗಿಸಿ ಸಾಗಿಸುತ್ತವೆ. ಸಂಸ್ಥೆಗಳು ಹೀಗೆ ಏರ್ಪಡಿಸಿಕೊಳ್ಳುವ ದಾರಿಗೆ ‘ವಿಪಿಎನ್ ಸುರಂಗ’ವೆಂದು ಹೆಸರು. ಅಮೆಜಾನ್ ಸಂಸ್ಥೆಯ ಕ್ಲೌಡ್ ಸೇವೆಯಲ್ಲಿ ಇಂತಹ ಒಂದೊಂದು ಸಂಪರ್ಕಕ್ಕೂ 2 ಸುರಂಗಗಳಿರುತ್ತವೆ. ತುದಿಯ ಯಂತ್ರಗಳು ‘ಇದ್ದೀಯಾ?’ ಎಂದು ಆಗಾಗ ವಿಚಾರಿಸಿಕೊಳ್ಳುತ್ತವೆ. ಉತ್ತರ ಬಾರದಿದ್ದಲ್ಲಿ ಸಂಚಾರವನ್ನು ಇನ್ನೊಂದು ಸುರಂಗಕ್ಕೆ ತಿರುಗಿಸುವಂತೆ ಏರ್ಪಾಡು ಮಾಡಬಹುದು.

ಆದರೆ ನಮ್ಮ ಕಡೆಯಲ್ಲಿ ಎರಡು ಸುರಂಗಗಳೂ ಒಂದೇ ತಂತಿಯಲ್ಲಿ ಸಾಗಿದರೆ ಪ್ರಯೋಜನವೇನು? 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದೊಳಗಿನ 2 ಕೇಬಲ್ಲುಗಳು ಒಟ್ಟಿಗೆ ಕೆಟ್ಟುವು. ಬೇರೆ ಬೇರೆ ಒಡೆತನದವಾದರೂ ಅಲ್ಲಿ ಅವುಗಳ ಹಾದಿ ಹತ್ತಿರ ಹತ್ತಿರವಾಗಿತ್ತು. ಭಾರತದ ಅಂತರ್ಜಾಲವೂ ಅದರಿಂದ ಬಹಳ ಕುಂಠಿತವಾಯಿತು.

ನಮ್ಮ ಶಾಲೆಯ ಅನುಭವವೂ ಅದೇ. ಕಚೇರಿಗೆ 2 ಕಂಪೆನಿಗಳ ಸಂಪರ್ಕವಿದೆಯೆಂದು ನಾನು ನಿಶ್ಚಿಂತನಾಗಿದ್ದೆ. ಕಳೆದ ಮಳೆಗಾಲದಲ್ಲಿ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ಹಲಸಿನ ಕೊಂಬೆಯೊಂದು ಮುರಿದುಬಿದ್ದು ಎರಡೂ ನಿಂತುವು. ಎರಡು ತಂತಿಗಳೂ ಒಂದೇ ಕಂಬದಲ್ಲಿದ್ದುವು! 7 ಮಂದಿ ಮಕ್ಕಳ ಅರ್ಜಿ ಬಾಕಿಯಿತ್ತು. ಕೊನೆಗೆ ಸಹೋದ್ಯೋಗಿಯೋರ್ವರ ಮೊಬೈಲಿನ ಮೂಲಕ ಸಂಜೆಗೆ ಅವು ತಲುಪಿದುವು. ತಪ್ಪು ಕೊಂಬೆಯದಲ್ಲ, ಮೊದಲೇ ವಿಚಾರಿಸದ ನನ್ನದು.

ಇದರಿಂದ ಕಲಿಯತಕ್ಕ ಪಾಠಗಳು ಮೂರು. ಮೊದಲನೆಯದು, ಎರಡನೆಯ ದಾರಿಯು ಮೊದಲನೆಯದರೊಡನೆ ಕಂಬವನ್ನಾಗಲಿ, ವಿದ್ಯುತ್ತನ್ನಾಗಲಿ ಹಂಚಿಕೊಂಡಿರಬಾರದು. ಎರಡನೆಯದು, ಸುದಿನದಲ್ಲಿಯೇ ಒಂದು ಸಂಪರ್ಕವನ್ನು ಬೇಕೆಂದು ಕಳಚಿ ಮತ್ತೊಂದನ್ನು ಪರೀಕ್ಷಿಸಬೇಕು. ಬಾವಿ ತೋಡುವ ಕಾಲ ಮನೆ ಹೊತ್ತಿದಾಗಲಲ್ಲ. ಮೂರನೆಯದು, ಆತುರದಲ್ಲಿ ಬೀಗವನ್ನು ಬಿಸಾಡಬಾರದು. ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ತೆರೆಯ ಮೇಲೆ ಮೂಡಿದರೆ, ಅದನ್ನು ದಾಟಿ ಗುಪ್ತಪದವನ್ನು ಬರೆಯದಿರಿ. ತಡವಾದುದನ್ನು ಸರಿಪಡಿಸಬಹುದು, ಕಳವಾದುದನ್ನು ಮರಳಿ ಪಡೆಯುವುದು ಕಷ್ಟ.

ಹೆತ್ತವರಲ್ಲಿ ನನ್ನದೊಂದು ವಿನಂತಿ: ಅರ್ಜಿಗಳನ್ನು ಕೊನೆಯ ದಿನಕ್ಕೆ ಉಳಿಸಬೇಡಿರಿ. ನಮ್ಮ ಕೈಯಲ್ಲಿ ಉಳಿದಿರುವ ದಿನಗಳೂ ಒಂದು ಎರಡನೆಯ ದಾರಿಯೇ.