ಒಂದು ಕೃತಿಗೆ ಎಷ್ಟು ಜನ್ಮ?

ಮಹಾಕಲಾವಿದನೊಬ್ಬನು ತನ್ನ ಬಾಳಿನ ಅನುಭವವನ್ನೆಲ್ಲ ಎರೆದು ರಚಿಸಿದ ಕೃತಿಯನ್ನು ಮುಂದಿನವರು ಬದಲಿಸಬಹುದೆ? ಬದಲಿಸಿದರೆ ಅದು ಗೌರವವೋ ಅಪಚಾರವೋ? ಈ ಪ್ರಶ್ನೆಯನ್ನು ಆಸ್ಟ್ರಿಯದ ಸಂಗೀತಗಾರ ಗುಸ್ಟಾವ್ ಮಾಹ್ಲರನ ಕೃತಿಗಳ ಮೂಲಕ ವಿಚಾರಮಾಡಬಹುದು.

ಮಾಹ್ಲರನು 1860ರಲ್ಲಿ ಬೊಹೀಮಿಯದ ಒಂದು ಹಳ್ಳಿಯಲ್ಲಿ, ಯೆಹೂದಿ ಮನೆತನದಲ್ಲಿ ಜನಿಸಿದನು. ಬೆಳೆದದ್ದು ಇಗ್ಲೌ ಎಂಬ ಪಟ್ಟಣದಲ್ಲಿ. ಅಲ್ಲಿಯ ಸೈನಿಕರ ವಾದ್ಯಮೇಳ, ಜನಪದರ ಹಾಡು, ಕುಣಿತದ ಮಟ್ಟುಗಳು ಬಾಲಕನ ಕಿವಿಯಲ್ಲಿ ಮನೆಮಾಡಿದವು. ಮುಂದೆ ಅವನು ಸಿಂಫನಿಗಳನ್ನು ರಚಿಸಿದಾಗ ಅವೆಲ್ಲವೂ ಮರಳಿ ಬಂದವು. ಸಿಂಫನಿಯೆಂದರೆ ಹಲವು ಹತ್ತು ವಾದಕರು ಒಟ್ಟಾಗಿ ನುಡಿಸುವ ದೀರ್ಘ ವಾದ್ಯಕೃತಿ; ಅದರ ಪ್ರತಿಯೊಂದು ಸ್ವರವನ್ನೂ ರಚನಕಾರನು ಮೊದಲೇ ಬರೆದಿಟ್ಟಿರುತ್ತಾನೆ.

ಅವನ ಮೊದಲನೆಯ ಸಿಂಫನಿ 1889ರ ನವೆಂಬರ್ 20ರಂದು ಬುಡಾಪೆಸ್ಟಿನಲ್ಲಿ ಪ್ರಥಮವಾಗಿ ಕೇಳಿಬಂದಿತು. ಅದರ ಶವಯಾತ್ರೆಯ ಭಾಗದಲ್ಲಿ ಡಬಲ್ ಬಾಸ್ ಎಂಬ ಮಂದ್ರಸ್ವರದ ತಂತಿವಾದ್ಯ ಒಂಟಿಯಾಗಿ ಒಂದು ಮಟ್ಟನ್ನು ನುಡಿಸುತ್ತದೆ. ಅದು ಯೂರೋಪಿನ ಮಕ್ಕಳು ನಕ್ಕು ನಲಿದು ಹಾಡುವ ಹಾಡು! ಇಲ್ಲಿ ಮಾತ್ರ ಅದು ಶೋಕದ ಛಾಯೆಯನ್ನು ತಳೆದಿದೆ. ಅದರ ಬೆನ್ನಿಗೇ ಬೀದಿಯ ವಾದ್ಯಗಾರರ ಸೊಗಸು ತೇಲಿಬರುತ್ತದೆ. ಸಭಿಕರು ತಬ್ಬಿಬ್ಬಾದರು.

1896ರಲ್ಲಿ ಮುಗಿಸಿದ ಮೂರನೆಯ ಸಿಂಫನಿಯಲ್ಲಿ ಅವನು ಇನ್ನೊಂದು ಸಾಹಸಕ್ಕೆ ಕೈಹಾಕಿದನು. ಆರು ಭಾಗಗಳ ಈ ಕೃತಿ ಒಂದೂವರೆ ಗಂಟೆಗೂ ದೀರ್ಘವಾದುದು. ನಾಲ್ಕನೆಯ ಭಾಗದಲ್ಲಿ ವಾದ್ಯಗಳೆಲ್ಲ ಪಿಸುಮಾತಿಗೆ ಇಳಿಯುತ್ತವೆ. ಸ್ತ್ರೀಕಂಠವೊಂದು ತತ್ತ್ವಜ್ಞಾನಿ ನೀಚೆಯ ‘ಜರತುಷ್ಟ್ರ’ ಗ್ರಂಥದ ಮಾತುಗಳನ್ನು ಹಾಡತೊಡಗುತ್ತದೆ. ಲೋಕದ ದುಃಖ ಆಳವಾದುದು, ಆದರೆ ಆನಂದ ಅದಕ್ಕಿಂತಲೂ ಆಳವಾದುದು ಎಂಬುದು ಅವುಗಳ ಭಾವ. ಪುಟದಲ್ಲಿ ಮೌನವಾಗಿದ್ದ ವಿಚಾರಕ್ಕೆ ಹೀಗೆ ಕಂಠ ದೊರೆಯಿತು. ಪರರ ಮಟ್ಟನ್ನೂ ಮಾತನ್ನೂ ಪಡೆದು ಹೊಸ ಅರ್ಥ ತುಂಬಿದವರಲ್ಲಿ ಮಾಹ್ಲರನೂ ಒಬ್ಬನೆಂಬುದನ್ನು ನಾವು ಮರೆಯಬಾರದು.

ಜಾಝ್ ಸಂಗೀತದ ದಾರಿ ಬೇರೆ. ಗುಲಾಮಗಿರಿಯ ನೋವನ್ನುಂಡ ಆಫ್ರಿಕನ್ ಅಮೆರಿಕನ್ನರ ಬದುಕಿನಿಂದ ಅದು ಹುಟ್ಟಿತು. ನಮ್ಮ ಮನೋಧರ್ಮ ಸಂಗೀತದಂತೆ ಅಲ್ಲಿಯೂ ವಾದಕನು ಮೂಲದ ಮಟ್ಟನ್ನು ಆಧರಿಸಿ ಆ ಕ್ಷಣದಲ್ಲೇ ಹೊಸದನ್ನು ಕಲ್ಪಿಸುತ್ತಾನೆ. 1956ರಲ್ಲಿ ಜನಿಸಿದ ಅಮೆರಿಕದ ಪಿಯಾನೋ ವಾದಕ ಯೂರಿ ಕೇನ್, 1997ರಲ್ಲಿ ಮಾಹ್ಲರನ ಕೃತಿಗಳ ಜಾಝ್ ರೂಪವನ್ನು ಧ್ವನಿಮುದ್ರಿಕೆಯಾಗಿ ಹೊರತಂದರು. ಬೃಹತ್ ವಾದ್ಯವೃಂದದ ಎಡೆಯಲ್ಲಿ ಪಿಯಾನೋ, ತುತ್ತೂರಿ, ಕ್ಲಾರಿನೆಟ್, ಪಿಟೀಲು, ಡ್ರಮ್ಮುಗಳ ಚಿಕ್ಕ ತಂಡ. ಜೊತೆಗೆ ಯೆಹೂದಿ ಪ್ರಾರ್ಥನಾಗಾಯಕನೊಬ್ಬನ ಕಂಠ.

ಇದನ್ನು ಸ್ವೇಚ್ಛಾಚಾರವೆನ್ನಬಹುದೆ? ವಿಯೆನ್ನದ ರಾಜಾಸ್ಥಾನದ ಸಂಗೀತನಾಟಕಶಾಲೆಯ ಪದವಿಗಾಗಿ ಮಾಹ್ಲರನು 1897ರಲ್ಲಿ ಮತಾಂತರ ಹೊಂದಬೇಕಾಯಿತು. ಅವನು 1911ರಲ್ಲಿ ತೀರಿಕೊಂಡನು. ಯೆಹೂದಿಯೆಂಬ ಕಾರಣಕ್ಕಾಗಿಯೇ ನಾಜಿಗಳ ಆಳ್ವಿಕೆಯಲ್ಲಿ ಅವನ ಸಂಗೀತವನ್ನು ನಿಷೇಧಿಸಲಾಯಿತು. ಹಾಗೆ ಅದುಮಿಟ್ಟ ದನಿಯನ್ನೇ ಕೇನ್ ಹೊರಗೆ ಕರೆದರು. ಅವರು ಸೇರಿಸಿದ್ದು ಪರಕೀಯವಾದುದಲ್ಲ, ಮೂಲದಲ್ಲಿ ಮರೆಯಾಗಿದ್ದುದು.

ಮೂಲವನ್ನು ಅರಿಯದೆ ಒಡೆಯುವುದು ಸುಲಭ. ಅರಿತು ಬದಲಿಸುವುದು ಕಷ್ಟ. ಹೊಸ ರೂಪವನ್ನು ಕೇಳಿದ ಮೇಲೆ ನಾನು ಮಾಹ್ಲರನ ಮೊದಲನೆಯ ಸಿಂಫನಿಯನ್ನು ಮತ್ತೊಮ್ಮೆ ಕೇಳಿದೆ. ಹಿಂದೆ ಗಮನಿಸದೆ ಬಿಟ್ಟಿದ್ದ ಬೀದಿವಾದ್ಯಗಳ ಅಳು ಅಂದು ಸ್ಪಷ್ಟವಾಗಿ ಕೇಳಿಸಿತು. ನಮ್ಮನ್ನು ಮೂಲದ ಬಳಿಗೆ ಹೀಗೆ ಮರಳಿಸುವ ಬದಲಾವಣೆ ಅಪಚಾರವಾಗಲಾರದು.

ಅಭ್ಯಾಸ
1. ಬುಡಾಪೆಸ್ಟಿನ ಸಭಿಕರು ತಬ್ಬಿಬ್ಬಾಗಲು ಕಾರಣವೇನು?
2. ನೀಚೆಯ ವಿಚಾರಕ್ಕೆ ‘ಕಂಠ ದೊರೆಯಿತು’ ಎಂಬ ಮಾತನ್ನು ವಿವರಿಸಿ.
3. ಮೂಲಕೃತಿಯನ್ನು ಬದಲಿಸುವುದರ ಬಗ್ಗೆ ಲೇಖಕರ ನಿಲುವನ್ನು ನೀವು ಒಪ್ಪುವಿರಾ? ಕಾರಣ ಕೊಡಿ.