ಮೊದಲು ಬಣ್ಣ, ಆಮೇಲೆ ಕತ್ತರಿ

ಪುಟ್ಟೀ, ಕೊರಳ ಕೆಳಗೆ ಮಡಿಕೆ ಮಡಿಕೆಯಾಗಿ ಇಳಿಯುವ ಆ ಕೌಲ್ ನೆಕ್ ಟಾಪನ್ನು ನಾನೇ ಹೊಲಿದು ನಾನೇ ಬಣ್ಣ ಹಾಕ್ತೀನಿ ದೊಡ್ಡಮ್ಮಾ ಅಂದೆಯಲ್ಲ, ಕೇಳಿ ತುಂಬ ಖುಷಿಯಾಯಿತು. ಬಿಳಿ ಬಟ್ಟೆಯಲ್ಲೇ ಹೊಲಿದು ಮುಗಿಸಿ ಕೊನೆಗೆ ಬಣ್ಣದ ನೀರಿಗೆ ಅದ್ದುವುದು ನಿನ್ನ ಲೆಕ್ಕ. ಅದನ್ನು ಹಿಂದುಮುಂದು ಮಾಡಿಕೋ. ಮೊದಲು ಬಣ್ಣ ಹಾಕು, ಆಮೇಲೆ ಕತ್ತರಿ ಹಿಡಿ.

ಯಾಕೆಂದರೆ ದಾರ. ಹೊಸೈರಿ ಬಟ್ಟೆ ಎಳೆದಷ್ಟೂ ಹಿಗ್ಗುತ್ತದೆ, ಹತ್ತಿ ದಾರ ಹಿಗ್ಗುವುದಿಲ್ಲ. ತಲೆ ತೂರಿಸುವಾಗ ಹೊಲಿಗೆ ಪಟಪಟ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಪಾಲಿಯೆಸ್ಟರ್ ದಾರವೇ ಬೇಕು. ಆದರೆ ಹತ್ತಿಗೆ ಹಾಕುವ ಬಣ್ಣ ಪಾಲಿಯೆಸ್ಟರ್‌ಗೆ ಹತ್ತುವುದೇ ಇಲ್ಲ. ಕಡುನೀಲಿ ಟಾಪಿನ ಮೇಲೆ ಹೊಲಿಗೆ ಮಾತ್ರ ಬೆಳ್ಳಗೆ ಕಾಣುತ್ತದೆ. ಬಟ್ಟೆಗೆ ಮೊದಲೇ ಬಣ್ಣ ಹಾಕಿದರೆ, ಒಣಗಿದ ಚೂರೊಂದನ್ನು ಅಂಗಡಿಗೆ ಒಯ್ದು ಅದೇ ಬಣ್ಣದ ಉಂಡೆ ಆರಿಸಿಕೊಳ್ಳಬಹುದು. ಒಣಗಿದ ಚೂರೇ ಆಗಬೇಕು, ಒದ್ದೆ ಬಟ್ಟೆ ಯಾವಾಗಲೂ ಒಂದು ಛಾಯೆ ಕಡುವಾಗಿ ಕಾಣುತ್ತದೆ.

ಬಟ್ಟೆ ವಿಸ್ಕೋಸ್ ಲೈಕ್ರಾ ಇರಲಿ. ಬನಿಯನ್ನಿನ ಹತ್ತಿ ಹೊಸೈರಿ ಮೈಗೆ ಹಿತ, ಆದರೆ ಮಡಿಕೆ ಬೀಳದೆ ಸೆಟೆದು ನಿಲ್ಲುತ್ತದೆ. ವಿಸ್ಕೋಸ್ ಮರದ ತಿರುಳಿನಿಂದ ಆದದ್ದು, ಬಣ್ಣದ ಮಟ್ಟಿಗೆ ಹತ್ತಿಯ ಒಡಹುಟ್ಟು. ಅಂಗಡಿಯವರ ಮಾತಿನ ಮೇಲೆ ಅನುಮಾನ ಬಂದರೆ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡು. ವಿಸ್ಕೋಸ್ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ, ಅದು ಬೇಡ.

ಅರಿಶಿನ ಹಾಕಿದರಾಗದೇ ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ಅರಿಶಿನ ಬಿಸಿಲಿಗೆ ಹಾರಿಹೋಗುತ್ತದೆ, ಸೋಪು ತಗುಲಿದಲ್ಲಿ ಕೆಂಪಾಗುತ್ತದೆ. ನಿನಗೆ ಬೇಕಾದದ್ದು ತಣ್ಣೀರಿನಲ್ಲಿ ಹಿಡಿಯುವ ರಿಯಾಕ್ಟಿವ್ ಬಣ್ಣ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಎಂಬ ಹೆಸರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದು ಎಳೆಯ ಮೇಲೆ ಸುಮ್ಮನೆ ಕೂರುವ ಬಣ್ಣವಲ್ಲ, ಎಳೆಯ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಕುದಿಸುವ ಕೆಲಸವಿಲ್ಲದ್ದರಿಂದ ಬಿಸಿ ತಾಳದ ಲೈಕ್ರಾಕ್ಕೂ ಕ್ಷೇಮ.

ಒಣ ಬಟ್ಟೆ ತೂಗಿ ನೋಡು. 300 ಗ್ರಾಂ ಇದ್ದರೆ 6 ಲೀಟರ್ ನೀರು, 9 ಗ್ರಾಂ ಬಣ್ಣ, 300 ಗ್ರಾಂ ಪುಡಿ ಉಪ್ಪು, 120 ಗ್ರಾಂ ಸೋಡಾ ಆ್ಯಶ್. ಅಡುಗೆ ಸೋಡಾ ಹಾಕಿಬಿಟ್ಟೀಯ, ಅದರ ಕ್ಷಾರ ಸಾಲದು. ಬಣ್ಣದ ಪುಡಿ ಉಸಿರಿಗೆ ಹೋದರೆ ಉಬ್ಬಸ ಹತ್ತಿಸಬಲ್ಲದು. ಮಾಸ್ಕ್, ಕೈಗವಸು ಹಾಕಿಕೊಂಡೇ ಕಲಸು, ಇದರಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಅಡುಗೆ ಪಾತ್ರೆ ಮುಟ್ಟದೆ ಒಂದು ಪ್ಲಾಸ್ಟಿಕ್ ಬಕೆಟ್ ಬೇರೆಯೇ ಇಟ್ಟುಕೋ.

ಬಟ್ಟೆಯನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ಒಗೆದು ಜಾಲಿಸಿ, ಒದ್ದೆಯಿರುವಾಗಲೇ ಬಣ್ಣ, ಉಪ್ಪು ಕರಗಿಸಿದ ನೀರಿಗೆ ಬಿಡು. ಇಪ್ಪತ್ತು ನಿಮಿಷ ತಿರುವು. ಆಮೇಲೆ ಬಟ್ಟೆ ಮೇಲೆತ್ತಿ, ಬೇರೆ ನೀರಿನಲ್ಲಿ ಕರಗಿಸಿದ ಸೋಡಾ ಸುರಿದು ಕಲಕಿ, ಮತ್ತೆ ಬಿಡು. ಬಣ್ಣ ಕಚ್ಚಿಕೊಳ್ಳುವುದು ಈಗಲೇ. ಮೊದಲ ಕಾಲು ಗಂಟೆ ಫೋನ್ ಬಂದರೂ ಏಳಬೇಡ. ಮಡಿಕೆಯೊಳಗೆ ನೀರು ಆಡದೆ ನಿಂತಲ್ಲೆಲ್ಲ ಪಟ್ಟೆ ಉಳಿಯುತ್ತದೆ. ಹೊಲಿದ ಟಾಪನ್ನು ಅದ್ದಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ಹಾಸು ಬಟ್ಟೆಯಲ್ಲಿ ಒಂದು ಕಲೆ ಬಿದ್ದರೂ ಕತ್ತರಿಸುವಾಗ ತಪ್ಪಿಸಬಹುದು, ಇಲ್ಲವೇ ಕೊರಳಿನ ಒಳಮಡಿಕೆಗೆ ತಳ್ಳಬಹುದು. ಒಂದು ಗಂಟೆಯಾದ ಮೇಲೆ ತಣ್ಣೀರಿನಲ್ಲಿ, ಆಮೇಲೆ ಸೋಪು ಬೆರೆಸಿದ ಬಿಸಿನೀರಿನಲ್ಲಿ, ನೀರು ತಿಳಿಯಾಗುವ ತನಕ ಜಾಲಿಸು. ವಿಸ್ಕೋಸ್ ಒದ್ದೆಯಾದಾಗ ಬಲಹೀನ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತು. ಉಳಿದ ಬಣ್ಣದ ನೀರನ್ನು ಇನ್ನೊಂದು ಟಾಪಿಗೆ ಎತ್ತಿಡಬೇಡ, ಸೋಡಾ ಬಿದ್ದ ಬಣ್ಣ ನೀರಿನೊಂದಿಗೇ ಸೇರಿ ಕೆಟ್ಟಿರುತ್ತದೆ.

ಇನ್ನು ಹೊಲಿಗೆ. ಕತ್ತರಿಸಿದ ಅಂಚನ್ನು ಅಡ್ಡಕ್ಕೆ ಎಳೆ, ಅದು ಸುರುಳಿಯಾಗಿ ತಿರುಗುವ ಕಡೆಯೇ ಬಟ್ಟೆಯ ಮೇಲ್ಮೈ. ಮೆಷಿನ್ನಿಗೆ ಬಾಲ್‌ಪಾಯಿಂಟ್ ಸೂಜಿ ಹಾಕು, ಮಾಮೂಲಿ ಚೂಪು ಸೂಜಿ ಎಳೆಯನ್ನೇ ಕತ್ತರಿಸಿ ತೂತು ಬೀಳಿಸುತ್ತದೆ. ಕಿರಿದಾದ ಜಿಗ್‌ಜ್ಯಾಗ್ ಇದ್ದರೆ ಸರಿ. ಅಮ್ಮನ ಕಾಲುಮೆಷಿನ್ನಿನಲ್ಲಿ ನೇರ ಹೊಲಿಗೆ ಮಾತ್ರ, ಅದರಲ್ಲಾದರೆ ಬಟ್ಟೆಯನ್ನು ಸ್ವಲ್ಪವೇ ಹಿಗ್ಗಿಸಿ ಹಿಡಿದು ಹೊಲಿ. ಮುಂಭಾಗದ ಕೊರಳಿಗೆ ಒಳಕ್ಕೆ ಮಡಚಲು ಒಂದು ಗೇಣಿನ ಅರ್ಧದಷ್ಟು ಬಟ್ಟೆ ಕೂಡಿಸಿಯೇ ಕತ್ತರಿಸು, ಅದರ ಭಾರಕ್ಕೇ ಮಡಿಕೆ ಚೆಂದ ಬೀಳುವುದು. ಹೆಗಲ ಹೊಲಿಗೆಗೆ ಹಿಗ್ಗದ ತೆಳು ಪಟ್ಟಿ ಸೇರಿಸು, ಇಲ್ಲದಿದ್ದರೆ ಟಾಪ್ ದಿನದಿನಕ್ಕೆ ತೋಳಿನತ್ತ ಜಾರುತ್ತದೆ.

ಕೆಳಗಿನ ಅಂಚನ್ನು ಅವತ್ತೇ ಮಡಚಬೇಡ. ಒಂದು ದಿನ ಹ್ಯಾಂಗರಿಗೆ ಹಾಕಿಡು, ಬಟ್ಟೆ ಇಳಿಯುವಷ್ಟು ಇಳಿಯಲಿ. ಮರುದಿನ ತೊಟ್ಟುಕೊಂಡು ಬಾ, ಸುತ್ತ ಸಮ ಮಾಡಿ ನಾನೇ ಗುರುತು ಹಾಕಿಕೊಡುತ್ತೇನೆ.