ಬೇಸಿಗೆಯ ರಜೆಯೂ ರೋಗಿಗಳ ಸೇವೆಯೂ



ಪ್ರತಿವರ್ಷವೂ ಪರೀಕ್ಷೆಗಳು ಮುಗಿಯುತ್ತಲೇ ನನ್ನ ಕೊಠಡಿಯ ಬಾಗಿಲಲ್ಲಿ ಕೆಲವು ಮಂದಿ ಹುಡುಗಿಯರು ಬಂದು ನಿಂತು, "ಮಿಸ್, ನಾನು ಡಾಕ್ಟರಾಗಬೇಕೆಂದಿದ್ದೇನೆ" ಎಂದು ಹೇಳುವುದುಂಟು. "ಬಹಳ ಸಂತೋಷವಮ್ಮ, ಆದರೆ ನೀನು ಎಂದಾದರೂ ಒಬ್ಬ ರೋಗಿಯ ಹತ್ತಿರ ಒಂದು ಹಗಲೆಲ್ಲ ಕುಳಿತದ್ದುಂಟೋ?" ಎಂದು ನಾನು ಕೇಳಿದರೆ ಹೆಚ್ಚಿನವರು ಸುಮ್ಮನಾಗುವರು. ಇದು ಅವರ ದೋಷವಲ್ಲ. ಅಂಥ ಸಂದರ್ಭವನ್ನು ನಾವು ಹಿರಿಯರು ಅವರಿಗೆ ಒದಗಿಸಿಕೊಡಲಿಲ್ಲ. ಆದಕಾರಣ ವೈದ್ಯ, ಶುಶ್ರೂಷೆ ಮೊದಲಾದ ವೃತ್ತಿಗಳನ್ನು ಬಯಸುವ ಹೆಣ್ಣುಮಕ್ಕಳು ರಜೆಯ ದಿನಗಳಲ್ಲಿ ರೋಗಿಗಳ ನಡುವೆ ಸ್ವಲ್ಪಕಾಲ ಸೇವೆಮಾಡುವ ಬಗೆ ಹೇಗೆ ಎಂಬ ವಿಷಯವಾಗಿ ಈ ಲೇಖನವನ್ನು ಬರೆಯುವವಳಾಗಿದ್ದೇನೆ.

ಮೊದಲು ನನ್ನದೇ ಆದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಬಹು ಜಾಣೆಯಾದ ಒಬ್ಬ ಹುಡುಗಿ ಓದುತ್ತಿದ್ದಳು. ವಿಜ್ಞಾನದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಇವಳು ಡಾಕ್ಟರೇ ಆಗತಕ್ಕವಳು ಎಂದು ಅವಳ ತಂದೆಯವರೂ ನಾನೂ ಒಂದೇ ಮಾತಾಗಿ ನಿಶ್ಚಯಿಸಿಬಿಟ್ಟೆವು. ತಂದೆಯವರು ಸಾಲಮಾಡಿ ಅವಳನ್ನು ವೈದ್ಯಕೀಯ ಕಾಲೇಜಿಗೆ ಸೇರಿಸಿದರು. ಎರಡನೆಯ ವರ್ಷದಲ್ಲಿ ವಾರ್ಡುಗಳಿಗೆ ಹೋಗತೊಡಗಿದ ಮೇಲೆ ಅವಳಿಗೆ ರಾತ್ರಿ ನಿದ್ರೆ ಬಾರದೆ ಹೋಯಿತು. ರೋಗಿಗಳ ನರಳಾಟವು ಕಿವಿಯಿಂದ ಅಗಲಲಿಲ್ಲ. ಮನೆಯವರಿಗೆ ಹೇಳಲು ಭಯ. ಹೇಳದೆ ಇರಲು ಅಸಾಧ್ಯ. ಕಡೆಗೆ ಕಾಲೇಜನ್ನು ಬಿಟ್ಟು ಬಂದು, ನನ್ನ ಎದುರಿಗೆ ಕುಳಿತು, "ಮಿಸ್, ಆಸ್ಪತ್ರೆ ಹೇಗಿರುತ್ತದೆಂದು ಮೊದಲೇ ಯಾರೂ ನನಗೆ ತೋರಿಸಲಿಲ್ಲವಲ್ಲ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅವಳು ರಸಾಯನಶಾಸ್ತ್ರದ ಅಧ್ಯಾಪಕಿಯಾಗಿ ಸಂತೋಷದಿಂದಿದ್ದಾಳೆ. ಆದರೆ ಕಳೆದ ಎರಡು ವರ್ಷಗಳೂ ತಂದೆಯವರ ಹಣವೂ ತಿರುಗಿ ಬರಲಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವೈದ್ಯವಿದ್ಯೆಗೆ ಸೇರುವವರು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷಗಳ ಪದವಿಯನ್ನು ಪಡೆಯುತ್ತಾರೆ. ಅರ್ಜಿಯನ್ನು ನೋಡುವವರು ಅಂಕಗಳ ಸಂಗಡ, ಈ ವಿದ್ಯಾರ್ಥಿಯು ರೋಗಿಗಳ ನಡುವೆ ಏನು ಕೆಲಸ ಮಾಡಿದ್ದಾನೆ ಎಂಬುದನ್ನೂ ವಿಚಾರಿಸುವರು. ಆದುದರಿಂದ ಅಲ್ಲಿಯ ವಿದ್ಯಾರ್ಥಿಗಳು ಬೇಸಿಗೆ ಬಂತೆಂದರೆ ಆಸ್ಪತ್ರೆಗಳ ಬಾಗಿಲನ್ನು ತಟ್ಟುತ್ತಾರೆ. ನಮ್ಮ ದೇಶದಲ್ಲಿಯಾದರೋ ಪಿ.ಯು.ಸಿ. ಮುಗಿದೊಡನೆ, ೧೭ ವರ್ಷ ತುಂಬುವ ವಯಸ್ಸಿನಲ್ಲಿಯೇ, ನೀಟ್ ಎಂಬ ಒಂದು ಪರೀಕ್ಷೆಯ ಅಂಕಗಳಿಂದ ಎಂ.ಬಿ.ಬಿ.ಎಸ್. ಪ್ರವೇಶವು ತೀರ್ಮಾನವಾಗುತ್ತದೆ. ರೋಗಿಯ ಮುಖವನ್ನು ನೋಡಿದ್ದೀಯಾ ಎಂದು ಆ ಪರೀಕ್ಷೆಯು ಕೇಳುವುದಿಲ್ಲ. ಪರೀಕ್ಷೆ ಕೇಳದ ಈ ಪ್ರಶ್ನೆಯನ್ನು ನಮ್ಮ ಮಕ್ಕಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದೆ. ಈ ಪಾಠದ ಸಾರವೆಲ್ಲ ಇಷ್ಟೇ.

ಕಣ್ಣಾರೆ ಕಂಡದ್ದು ಒಬ್ಬಳ ಜೀವಮಾನವನ್ನೇ ಹೇಗೆ ತಿರುಗಿಸಬಲ್ಲದೆಂಬುದಕ್ಕೆ ಡಾಕ್ಟರ್ ಐಡಾ ಸ್ಕಡ್ಡರ್ ಅವರ ಚರಿತ್ರೆಯೇ ಸಾಕ್ಷಿ. ೧೮೯೦ರಲ್ಲಿ ಅವರು ತಿಂಡಿವನಕ್ಕೆ ಬಂದದ್ದು ಅಸ್ವಸ್ಥರಾಗಿದ್ದ ತಾಯಿಗೆ ಸಹಾಯ ಮಾಡುವದಕ್ಕೆ ಮಾತ್ರ. ಈ ದೇಶದಲ್ಲಿ ನಿಲ್ಲುವ ಮನಸ್ಸು ಅವರಿಗಿರಲಿಲ್ಲ. ಒಂದೇ ರಾತ್ರಿ ಮೂರು ಮನೆಗಳವರು ಬಂದು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಹೆಂಡಂದಿರನ್ನು ಕಾಪಾಡಬೇಕೆಂದು ಬೇಡಿದರು. ಐಡಾ ಅವರಿಗೆ ವೈದ್ಯ ತಿಳಿಯದು. ವೈದ್ಯರಾದ ಅವರ ತಂದೆಯವರು ಬರುತ್ತೇನೆಂದರೂ ಪರಪುರುಷನನ್ನು ಒಳಗೆ ಬಿಡಲು ಆ ಮನೆಗಳವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಸ್ತ್ರೀಯರೂ ತೀರಿಹೋಗಿದ್ದರು. ಐಡಾ ಸ್ಕಡ್ಡರ್ ಅವರು ತಮ್ಮ ದೇಶಕ್ಕೆ ಹೋಗಿ, ೧೮೯೯ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದು, ೧೯೦೦ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕ್ಕ ಔಷಧಾಲಯವನ್ನು ಪ್ರಾರಂಭಿಸಿದರು. ೧೯೧೮ರಲ್ಲಿ ಅಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನೂ ತೆರೆದರು. ಇಷ್ಟಕ್ಕೆಲ್ಲ ಮೂಲವು ಪುಸ್ತಕದ ಓದಲ್ಲ, ಆ ಒಂದು ರಾತ್ರಿ.

ಕಾಲ ಯಾವುದು?

ನಮ್ಮ ಮಕ್ಕಳಿಗೆ ಮೂರು ಬಿಡುವುಗಳು ದೊರೆಯುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗೆ ಒಂದು, ಪಿ.ಯು.ಸಿ. ಮೊದಲನೆಯ ವರ್ಷ ಮುಗಿದ ಬಳಿಕ ಒಂದು. ಪ್ರವೇಶ ಪರೀಕ್ಷೆಗಳನ್ನು ಬರೆದು ಫಲಕ್ಕಾಗಿಯೂ ಸೀಟಿಗಾಗಿಯೂ ಕಾಯುವ ಕಾಲ ಇನ್ನೊಂದು. ಈ ಮೂರನೆಯ ಬಿಡುವು ಕಳವಳದಿಂದಲೇ ವ್ಯರ್ಥವಾಗುವುದು ಹೆಚ್ಚು. ಎರಡು ವಾರ, ದಿನಕ್ಕೆ ನಾಲ್ಕು ಗಂಟೆ ದೊರೆತರೂ ಸಾಕು.

ಎಲ್ಲಿ ಹುಡುಕಬೇಕು?

೧. ಎಲ್ಲಕ್ಕಿಂತ ಮುಂಚೆ ಪ್ರಥಮ ಚಿಕಿತ್ಸೆಯನ್ನು ಕಲಿಯತಕ್ಕದ್ದು. ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಇದನ್ನು ಕಲಿಸುತ್ತವೆ. ಎದೆಬಡಿತ ನಿಂತವರಿಗೆ ನಿಮಿಷಕ್ಕೆ ೧೦೦ರಿಂದ ೧೨೦ ಸಾರಿ, ಸುಮಾರು ೫ ಸೆಂಟಿಮೀಟರ್ ಆಳಕ್ಕೆ ಎದೆಯನ್ನು ಒತ್ತಬೇಕೆಂಬುದನ್ನು ಓದಿದರೆ ಸಾಲದು. ಬೊಂಬೆಯ ಮೇಲೆ ಕೈಯಾರೆ ಮಾಡಿ ಅಭ್ಯಾಸಮಾಡಬೇಕು.

೨. ಆಮೇಲೆ ಮನೆಗೆ ಸಮೀಪವಾದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನೋಡಿರಿ. ಬಯಲುಸೀಮೆಯಲ್ಲಿ ೩೦,೦೦೦ ಜನರಿಗೂ ಗುಡ್ಡಗಾಡಿನಲ್ಲಿ ೨೦,೦೦೦ ಜನರಿಗೂ ಒಂದರಂತೆ ಇವು ಇರಬೇಕೆಂಬುದು ನಿಯಮ. ವೈದ್ಯಾಧಿಕಾರಿಗಳ ಅಪ್ಪಣೆ ದೊರೆತರೆ, ಹುಡುಗಿಯು ಆಶಾ ಕಾರ್ಯಕರ್ತೆಯೊಬ್ಬರ ಸಂಗಡ ಒಂದು ವಾರ ಮನೆಮನೆಗೆ ನಡೆಯಲಿ. ೨೦೦೫ರಿಂದ ನಡೆದುಬಂದ ಯೋಜನೆಯ ಪ್ರಕಾರ ಸುಮಾರು ೧,೦೦೦ ಜನರಿಗೆ ಒಬ್ಬರಂತೆ ಇರುವ ಈ ಅಕ್ಕಂದಿರು, ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಕೂಸಿಗೆ ಲಸಿಕೆ ತಪ್ಪಿದೆ ಎಂಬುದನ್ನು ಬಲ್ಲವರು. ರೋಗವು ಆಸ್ಪತ್ರೆಗೆ ಬರುವ ಮುಂಚೆ ಮನೆಯಲ್ಲಿ ಹೇಗಿರುತ್ತದೆಂಬುದನ್ನು ಅವರಿಗಿಂತ ಚೆನ್ನಾಗಿ ಕಲಿಸುವವರಿಲ್ಲ.

೩. ಧರ್ಮಾರ್ಥವಾಗಿಯೂ ಮಿಷನ್ನಿನಿಂದಲೂ ಹುಟ್ಟಿದ ಹಳೆಯ ಆಸ್ಪತ್ರೆಗಳು ನಮ್ಮ ನಾಡಿನಲ್ಲಿ ಅನೇಕವಾಗಿವೆ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯು ೧೮೮೬ರಲ್ಲಿಯೂ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ೧೯೦೬ರಲ್ಲಿಯೂ ಪ್ರಾರಂಭವಾದವು. ನಿಮ್ಮ ಜಿಲ್ಲೆಯಲ್ಲಿಯೂ ಅಂಥದೊಂದು ಇರಬಹುದು. ಹಳ್ಳಿಯಿಂದ ಬಂದ ಮುದುಕರಿಗೆ ಕೊಠಡಿಯನ್ನು ತೋರಿಸುವುದು, ಓದಲಾರದವರಿಗೆ ಚೀಟಿಯನ್ನು ಓದಿ ಹೇಳುವುದು, ಮಕ್ಕಳ ವಾರ್ಡಿನಲ್ಲಿ ಕತೆ ಹೇಳುವುದು, ಇಂಥ ಕೆಲಸಗಳಿಗೆ ಜನ ಬೇಕೇ ಎಂದು ವಿಚಾರಿಸಿರಿ.

೪. ವಾಸಿಯಾಗದ ರೋಗದಿಂದ ನರಳುವವರ ಉಪಶಮನ ಗೃಹಗಳೂ ವೃದ್ಧಾಶ್ರಮಗಳೂ ಅಂಗವಿಕಲ ಮಕ್ಕಳ ಶಾಲೆಗಳೂ ಉಂಟು. ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರಿನ ಕೊನೆಯ ದೆಸೆಯಲ್ಲಿರುವವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಸ್ಥಳ. ಆದರೆ ಇಂಥಲ್ಲಿಗೆ ಎಳೆಯ ವಯಸ್ಸಿನವರನ್ನು ಕಳುಹಿಸಬಾರದು; ೧೮ ತುಂಬಿದವರೂ ಸ್ಥೈರ್ಯವುಳ್ಳವರೂ ಹೋಗತಕ್ಕದ್ದು.

೫. ಕಾಲೇಜು ಸೇರಿದವರಿಗೆ ೧೯೬೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸೇವಾ ಯೋಜನೆಯಿದೆ. ಅದರಲ್ಲಿ ವರ್ಷಕ್ಕೆ ೧೨೦ ಗಂಟೆಗಳ ಸೇವೆಯೂ ಏಳು ದಿನಗಳ ಶಿಬಿರವೂ ಉಂಟು. ಆರೋಗ್ಯದ ಕೆಲಸವನ್ನೇ ನಮಗೆ ಕೊಡಿರೆಂದು ಅಧಿಕಾರಿಗಳನ್ನು ಕೇಳಿಕೊಳ್ಳಬಹುದು.

ಹೇಗೆ ಕೇಳಬೇಕು?

ಪತ್ರವು ಚಿಕ್ಕದಾಗಿಯೂ ಸತ್ಯವಾಗಿಯೂ ಇರಲಿ. ಒಂದು ಮಾದರಿ:

"ಮಾನ್ಯರೇ, ನಾನು ಪಿ.ಯು.ಸಿ. ಮೊದಲನೆಯ ವರ್ಷದ ವಿದ್ಯಾರ್ಥಿನಿ, ವಯಸ್ಸು ೧೭. ಮುಂದೆ ರೋಗಿಗಳ ಸೇವೆಗೆ ಸಂಬಂಧಪಟ್ಟ ವಿದ್ಯೆಯನ್ನು ಕಲಿಯಬೇಕೆಂಬ ಅಪೇಕ್ಷೆಯಿದೆ. ಏಪ್ರಿಲ್ ೧೫ರಿಂದ ಎರಡು ವಾರ, ದಿನಕ್ಕೆ ನಾಲ್ಕು ಗಂಟೆ, ತಾವು ಹೇಳುವ ಯಾವ ಸಣ್ಣ ಕೆಲಸವನ್ನಾದರೂ ಮಾಡಲು ಸಿದ್ಧಳಾಗಿದ್ದೇನೆ. ಚಿಕಿತ್ಸೆಯ ಕೆಲಸಕ್ಕೆ ಕೈಹಾಕುವುದಿಲ್ಲ. ತಾಯಿತಂದೆಗಳ ಒಪ್ಪಿಗೆಯ ಪತ್ರವನ್ನು ಇದರೊಡನೆ ಇಟ್ಟಿದ್ದೇನೆ."

ಈ ಪತ್ರವನ್ನು ಎರಡು ತಿಂಗಳು ಮುಂಚಿತವಾಗಿಯೇ ತಾನೇ ಹೋಗಿ ಕೊಡಬೇಕು. ಒಂದು ಕಡೆ ಇಲ್ಲವೆಂದರೆ ಬೇಸರಪಡದೆ ಇನ್ನೊಂದು ಕಡೆಗೆ ಹೋಗಬೇಕು. ಹಣ ಕೊಟ್ಟರೆ ಪ್ರಮಾಣಪತ್ರ ಕೊಡುತ್ತೇವೆಂದು ಜಾಹೀರಾತು ಮಾಡುವವರನ್ನು ಮಾತ್ರ ನಂಬಬೇಡಿರಿ. ಸೇವೆಯನ್ನು ಕ್ರಯಕ್ಕೆ ಕೊಂಡವಳು ಏನನ್ನೂ ಕಂಡಂತಾಗುವುದಿಲ್ಲ.

ತಾಯಿತಂದೆಗಳು ಒಪ್ಪಿಗೆ ಕೊಡುವ ಮುಂಚೆ ನಾಲ್ಕು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಮಗಳ ಮೇಲ್ವಿಚಾರಣೆ ಯಾರದು, ಅಲ್ಲಿ ಜವಾಬ್ದಾರಿಯುಳ್ಳ ಸ್ತ್ರೀಯರು ಇದ್ದಾರೋ, ಕೆಲಸವು ಹಗಲಿನಲ್ಲಿ ಮುಗಿಯುವುದೋ, ಅಂಟುರೋಗದ ವಾರ್ಡುಗಳಿಂದ ಅವಳನ್ನು ದೂರವಿಡುವರೋ. ಇವಕ್ಕೆ ನೇರವಾದ ಉತ್ತರ ದೊರೆಯದಿದ್ದರೆ ಕಳುಹಿಸಬೇಡಿರಿ.

ಹೋದ ಮೇಲೆ ನಡೆಯತಕ್ಕ ರೀತಿ

ರೋಗಿಯು ನಮ್ಮ ಪಾಠಪುಸ್ತಕವಲ್ಲ. ಈ ಮಾತನ್ನು ಹುಡುಗಿಯು ಮರೆಯಬಾರದು. ಮಾತ್ರೆಯನ್ನಾಗಲಿ ಸೂಜಿಯನ್ನಾಗಲಿ ಮುಟ್ಟಕೂಡದು. ಯಾರಾದರೂ ಪ್ರೀತಿಯಿಂದ ಮಾಡಿ ನೋಡೆಂದರೂ, "ನಾನು ಇನ್ನೂ ಕಲಿತಿಲ್ಲ" ಎಂದು ವಿನಯದಿಂದ ಹೇಳಬೇಕು. ಯಾರ ರೋಗವನ್ನೂ ಹೊರಗೆ ಆಡಕೂಡದು. ಮೊಬೈಲಿನಲ್ಲಿ ಯಾವ ಚಿತ್ರವನ್ನೂ ತೆಗೆಯಕೂಡದು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸಾಬೂನಿನಿಂದ ಕನಿಷ್ಠ ೪೦ ಸೆಕೆಂಡು ಕೈ ತೊಳೆಯಬೇಕು. ತನಗೆ ಜ್ವರವೋ ಕೆಮ್ಮೋ ಇದ್ದರೆ ಮನೆಯಲ್ಲಿಯೇ ನಿಲ್ಲಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಶೈಶವದಲ್ಲಿ ಹಾಕಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ ಹಾಕಿಸಬೇಕು. ಅದರ ಮೂರು ಸೂಜಿಗಳು ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಹಿಡಿಯುವುದರಿಂದ, ಬೇಸಿಗೆಯ ಸೇವೆಗೆ ಅಕ್ಟೋಬರಿನಲ್ಲಿಯೇ ಸಿದ್ಧತೆ ಪ್ರಾರಂಭವಾಗಬೇಕು.

ಮೊದಲನೆಯ ದಿನ ತಲೆ ಸುತ್ತಿದರೆ ತಾನು ಅಯೋಗ್ಯಳೆಂದು ತಿಳಿಯಬಾರದು. ರಕ್ತವನ್ನು ಕಂಡು ಮೂರ್ಛೆಹೋದವರೇ ಮುಂದೆ ಒಳ್ಳೆಯ ಡಾಕ್ಟರುಗಳಾದದ್ದುಂಟು. ಎರಡು ವಾರಗಳ ಕೊನೆಯಲ್ಲಿ ಮನಸ್ಸು ಏನು ಹೇಳುತ್ತದೆ ಎಂಬುದೇ ಮುಖ್ಯ. ಅದಕ್ಕಾಗಿ ಪ್ರತಿಸಾಯಂಕಾಲವೂ ಒಂದು ಪುಸ್ತಕದಲ್ಲಿ ಮೂರು ಸಾಲು ಬರೆಯಬೇಕು: ಇಂದು ಏನು ಕಂಡೆ, ಯಾವುದು ಕಷ್ಟವಾಯಿತು, ನಾಳೆ ಹೋಗಲು ಮನಸ್ಸುಂಟೋ. ರೋಗಿಗಳ ಹೆಸರನ್ನು ಮಾತ್ರ ಬರೆಯಬಾರದು.

ಅಂಥ ಒಂದು ಪುಸ್ತಕವನ್ನು ನಾನು ಓದಿದ್ದೇನೆ. ಅದನ್ನು ಬರೆದವಳು ಸಾಧಾರಣ ಅಂಕಗಳ ಹುಡುಗಿ, ಡಾಕ್ಟರಾಗಲಾರೆನೆಂದು ಅಳುತ್ತಿದ್ದವಳು. ನನ್ನ ಮೊದಲಿನ ತಪ್ಪಿನಿಂದ ಬುದ್ಧಿ ಕಲಿತು, ಇವಳನ್ನು ರಜೆಯಲ್ಲಿ ಒಂದು ಚಿಕ್ಕ ಆಸ್ಪತ್ರೆಗೆ ಕಳುಹಿಸಿದೆ. ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿಗೆ ಇವಳು ದಿನವೂ ಸುದ್ದಿಪತ್ರಿಕೆಯನ್ನು ಓದಿ ಹೇಳುತ್ತಿದ್ದಳು. ಹನ್ನೊಂದನೆಯ ದಿನದ ಬರಹ ಹೀಗಿತ್ತು: "ಅಜ್ಜಿ ಇಂದು ಆರು ಹೆಜ್ಜೆ ನಡೆದರು. ನಡೆಸಿದವರು ಡಾಕ್ಟರಲ್ಲ, ಫಿಸಿಯೋಥೆರಪಿ ಅಕ್ಕ. 'ಮಗಾ, ನೋಡಿದ್ಯಾ' ಎಂದು ಅಜ್ಜಿ ನನ್ನನ್ನು ಕರೆದರು. ನಾಳೆ ಹೋಗಲು ಮನಸ್ಸುಂಟು." ಅವಳು ಆ ವಿದ್ಯೆಯನ್ನೇ ಕಲಿತು ಇಂದು ಇತರರನ್ನು ನಡೆಸುತ್ತಿದ್ದಾಳೆ.

ರೋಗಿಗಳ ಸೇವೆಗೆ ಒಂದೇ ಬಾಗಿಲೆಂಬ ಭ್ರಮೆಯನ್ನು ತಾಯಿತಂದೆಗಳು ಬಿಡಬೇಕೆಂದು ಪ್ರಾರ್ಥಿಸುತ್ತೇನೆ. ಶುಶ್ರೂಷೆ, ಔಷಧಶಾಸ್ತ್ರ, ಪ್ರಯೋಗಶಾಲೆಯ ಪರೀಕ್ಷೆ, ಕಣ್ಣಿನ ತಪಾಸಣೆ, ಇವೆಲ್ಲವೂ ಗೌರವವುಳ್ಳ ವಿದ್ಯೆಗಳೇ. ಮಾತುಬಾರದ, ಕಿವಿಕೇಳದ ಮಕ್ಕಳಿಗೆ ನೆರವಾಗುವ ವಿದ್ಯೆಯನ್ನು ಕಲಿಸಲು ಮೈಸೂರಿನಲ್ಲಿಯೇ ೧೯೬೫ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಆದರೆ ಎಂದೂ ನೋಡದ ಕೆಲಸವನ್ನು ಹುಡುಗಿಯು ಬಯಸುವುದು ಹೇಗೆ?

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಡಾಕ್ಟರುಗಳೂ ನರ್ಸುಗಳೂ ಔಷಧದ ಅಂಗಡಿಯನ್ನು ನಡೆಸುವವರೂ ಇದ್ದೀರಿ. ನಾನು ನಿಮ್ಮಿಂದ ಹಣವನ್ನು ಕೇಳುತ್ತಿಲ್ಲ. ಮುಂದಿನ ಬೇಸಿಗೆಯಲ್ಲಿ ಎರಡು ವಾರ, ನಮ್ಮ ಹುಡುಗಿಯರಲ್ಲಿ ಒಬ್ಬಳನ್ನು ನಿಮ್ಮ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿರಿ. ನೀವು ಕೆಲಸಮಾಡುವ ಸ್ಥಳ, ಅವಳನ್ನು ನೋಡಿಕೊಳ್ಳುವವರು, ಬರಬೇಕಾದ ವೇಳೆ, ಈ ಮೂರನ್ನು ಬರೆದು ಫೆಬ್ರವರಿ ತಿಂಗಳೊಳಗೆ ಶಾಲೆಗೆ ಕಳುಹಿಸಿರಿ. ತಾಯಿತಂದೆಗಳ ಸಂಗಡ ಮಾತಾಡಿ ಹುಡುಗಿಯನ್ನು ಕಳುಹಿಸುವ ಭಾರ ನನ್ನದು. ತಾಯಿತಂದೆಗಳೇ, ಅವಳು ಸಾಯಂಕಾಲ ಮನೆಗೆ ಬಂದಾಗ ಸರ್ಟಿಫಿಕೇಟು ಯಾವಾಗ ಕೊಡುತ್ತಾರೆಂದು ಕೇಳಬೇಡಿರಿ. ಇಂದು ಏನು ಕಂಡೆಯಮ್ಮಾ ಎಂದು ಕೇಳಿ, ಅವಳು ಹೇಳುವುದನ್ನು ಕಡೆಯವರೆಗೂ ಕೇಳಿಸಿಕೊಳ್ಳಿರಿ.